ಗೋಡೆಗೆ ಮುಖ ಮಾಡಿದ ಕುರ್ಚಿ

ಭೀಮೇಶ ಇನ್‌ಸ್ಟಾಗ್ರಾಂ ನೋಡಿ ನಗುತ್ತಿದ್ದಾಗ ವಿದ್ಯಾಶ್ರೀ ಅವನ ಮುಂದೆ ಕೈ ಚಾಚಿದಳು.

“ಫೋನ್ ಕೊಡ್ರಿ. ಸಂಜಿ ಮುಂದ ತಗೊಂಡು ಹೋಗ್ರಿ.”

“ಅದರಾಗ ನನ್ನ ಜೀವಾನ ಐತ್ರಿ ಮೇಡಂ.”

“ಇರ್ಲಿ. ಜೀವಾ ನನ್ನ ಹಂತ್ಯಾಕ ಇರ್ತೈತಿ.”

ಬೆಟಗೇರಿಯ ಆ ಆಫೀಸಿನಿಂದ ಕೈಮಗ್ಗದ ಸೀರೆಗಳು ಊರೂರಿಗೆ ಪಾರ್ಸಲ್ ಹೋಗುತ್ತಿದ್ದವು. ವಿಳಾಸ ಟೈಪ್ ಮಾಡುವುದು ಹಮ್ಮಿಗಿಯ ಭೀಮೇಶನ ಕೆಲಸ. ನೇಕಾರರ ಮನೆಯ ಮಗಳು ವಿದ್ಯಾಶ್ರೀ ಅಲ್ಲಿಯ ಸೂಪರ್‌ವೈಸರ್. ಎಲ್ಲರೂ ಫೋನಿನಲ್ಲೇ ಮುಳುಗಿರುತ್ತಾರೆ, ಪಾರ್ಸಲ್‌ಗಳು ತಡವಾಗುತ್ತಿವೆ ಎಂದು ಸಾವಕಾರ ಮೈಲಾರಲಿಂಗಪ್ಪ ರೇಗಿದ್ದರು.

ಎಲ್ಲರ ಫೋನೂ ವಿದ್ಯಾಶ್ರೀಯ ಕೈ ಸೇರಿದ ಮೇಲೆ ಉಳಿದವರ ಕೆಲಸ ಚುರುಕಾಯಿತು. ಭೀಮೇಶನದು ಮಾತ್ರ ಇನ್ನೂ ಕೆಟ್ಟಿತು. ಧಾರವಾಡಕ್ಕೆ ಹೋಗಬೇಕಾದ ಸೀರೆ ದಾವಣಗೆರೆಗೆ ಹೋಯಿತು.

“ಆ ಹುಡುಗನ್ನ ತಗದಬಿಡೂಣು,” ಅಂದರು ಸಾವಕಾರರು.

ವಿದ್ಯಾಶ್ರೀ ಒಂದು ವಾರದ ಗಡುವು ಕೇಳಿದಳು. ಊಟದ ಹೊತ್ತಿಗೆ ಅವನ ಬಳಿ ಹೋದಳು. “ಈಗ ಫೋನೂ ಇಲ್ಲ. ಕೆಲಸ ಯಾಕ ಆಗವಲ್ದು? ಖರೆ ಹೇಳ್ರಿ.”

ಅವನು ಕೀಬೋರ್ಡನ್ನೇ ನೋಡುತ್ತ ಹೇಳಿದ: “ಫೋನ್ ಇದ್ದಾಗ ತಲಿ ಕೆಳಗ ಇರ್ತಿತ್ರಿ. ಈಗ ತಲಿ ಎತ್ತಿದ್ರ ಎದುರಿಗೆ ನೀವು. ಪೆನ್ನು ಗಲ್ಲಕ್ಕ ಒತ್ತಿ ಏನೋ ವಿಚಾರ ಮಾಡಕೋತ ಕುಂತಿರ್ತೀರಿ. ಮತ್ತ ವಿಳಾಸ ಎಲ್ಲಿ ಕಾಣಬೇಕ್ರಿ?”

ಅವಳ ಕಿವಿ ಬಿಸಿಯಾಯಿತು. ಅವನನ್ನು ಎಬ್ಬಿಸಿ, ಕುರ್ಚಿ ಮೇಜು ಎರಡನ್ನೂ ಗೋಡೆಯ ಕಡೆ ತಿರುಗಿಸಿಬಿಟ್ಟಳು.

ಆ ವಾರ ಅವನದು ಒಂದೂ ತಪ್ಪಾಗಲಿಲ್ಲ. ವಿದ್ಯಾಶ್ರೀ ಬರೆಯುವ ಬಿಲ್‌ಗಳೇ ತಪ್ಪಾಗತೊಡಗಿದವು. ಎದುರಿಗಿದ್ದ ಆ ಬೆನ್ನು ಒಮ್ಮೆಯಾದರೂ ಇತ್ತ ತಿರುಗೀತೇ ಎಂದು ಕಾಯುವುದರಲ್ಲೇ ಅವಳ ಹೊತ್ತು ಹೋಗುತ್ತಿತ್ತು.

ಶನಿವಾರ ಸಂಜೆ ಶಟರ್ ಎಳೆಯುತ್ತ ಭೀಮೇಶ ಹೇಳಿದ: “ನಮ್ಮ ಮುಂಡರಗಿ ಅಂಗಡಿಗೆ ಹಾಕ್ರಿ ಅಂತ ಸಾವಕಾರ್ನ ಕೇಳೇನ್ರಿ. ನನ್ನಿಂದ ನಿಮಗ ಮಂದಿ ಮಾತು ಬರಬಾರ್ದು.”

“ನನಗ ಒಂದು ಮಾತು ಹೇಳದ?”

“ಅವತ್ತು ನಾ ಅಂದಿದ್ದಕ್ಕ ನೀವ ಏನೂ ಹೇಳಲಿಲ್ಲಲ್ರಿ.”

ಓಣಿಯಲ್ಲಿ ಯಾರದೋ ಮಗ್ಗ ಸದ್ದು ಮಾಡುತ್ತಿತ್ತು. ವಿದ್ಯಾಶ್ರೀ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಹೋಗ್ರಿ, ಮುಂಡರಗಿ ಏನ್ ದೂರಲ್ಲ. ಆದ್ರ ನಾಳೆ ನಮ್ಮ ಮನಿಗೆ ಬಂದು ಹೋಗ್ರಿ. ಅವ್ವಗ ನಿಮ್ಮ ಹೆಸರು ಹೇಳೇನಿ.”

ಅವನು ಬೆರಗಾಗಿ ನಿಂತ. “ಅವ್ವಾರು ಏನಂದ್ರು?”

“ಹುಡುಗ ಏನ್ ತಿಂತಾನ, ಕೇಳಿ ಹೇಳು ಅಂದ್ಳು.”

“ಏನ್ ಕೊಟ್ರೂ ತಿಂತೇನ್ರಿ!”

“ಈ ‘ರಿ’ ಒಂದು ಬಿಡು ಇನ್ನ,” ಅಂದಳು ವಿದ್ಯಾಶ್ರೀ, ನೆಲ ನೋಡುತ್ತ.

“ಆತ್ರಿ,” ಅಂದುಬಿಟ್ಟ ಭೀಮೇಶ. ನಾಲಿಗೆ ಕಚ್ಚಿಕೊಂಡ. ಆಮೇಲೆ ಮೆಲ್ಲಗೆ, “ಆತು, ವಿದ್ಯಾ.”