ತೋರಣದ ಮೊಳೆ

"ಯಾರೂ ಅಲ್ಲಾಡ್ಬೇಡಿ," ಕತ್ತಲಲ್ಲಿ ಆನಂದಪ್ಪನ ದನಿ ಕೇಳಿಸಿತು.

ಅವನ ತೋಳು ಮುನಿಕೃಷ್ಣಮ್ಮನ ಭುಜಕ್ಕೆ ಸೋಕಿತು. ಬೇರೆ ದಿನವಾಗಿದ್ದರೆ ಅವಳ ಎದೆ ಸಿಹಿಯಾಗಿ ನಡುಗುತ್ತಿತ್ತು. ಇವತ್ತು ನಡುಗಿದ್ದು ಭಯಕ್ಕೆ.

ಅದು ಯಶವಂತಪುರದ ದಸ್ತಗೀರ್ ಸಾಬರ ಶೆಡ್ಡು. ಸಂಸಾರ ಸಮೇತ ಊರೂರು ತಿರುಗಲು ಸೇಟೊಬ್ಬರು ಅಲ್ಲಿ ಮೋಟಾರು ಗಾಡಿ ಕಟ್ಟಿಸುತ್ತಿದ್ದರು. ಒಳಗೇ ಮಂಚ, ಒಲೆ, ಬ್ಯಾಟರಿ ದೀಪ. ವೈರಿಂಗ್ ಆನಂದಪ್ಪನದು, ಪರದೆ ಮತ್ತು ದಿಂಬಿನ ಹೊಲಿಗೆ ಮುನಿಕೃಷ್ಣಮ್ಮನದು. ಆಯುಧಪೂಜೆಯ ಸಂಜೆ ಸೇಟು ಗಾಡಿ ನೋಡಲು ಬಂದಿದ್ದರು. ಸಾಬರೂ ಸೇರಿ ಎಲ್ಲರೂ ಗಾಡಿಯೊಳಗೆ ನಿಂತಿದ್ದಾಗ ಸೇಟಿನ ಹೆಂಡತಿ ಕಿಟಕಿ ಬಳಿಯ ಸ್ವಿಚ್ಚು ಒತ್ತಿದ್ದೇ ತಡ, ಎಲ್ಲ ದೀಪಗಳೂ ಆರಿಹೋದವು.

ಆನಂದಪ್ಪ ಟಾರ್ಚ್ ಹಿಡಿದು ಫ್ಯೂಸು ಬದಲಾಯಿಸಿದ. ಅದೂ ಸುಟ್ಟುಹೋಯಿತು. ಬ್ಯಾಟರಿ ಸರಿಯಾಗಿತ್ತು. ಎಲ್ಲ ಸ್ವಿಚ್ಚು ಆರಿಸಿ, ಹೊಸ ಫ್ಯೂಸು ಹಾಕಿ, ಒಂದೊಂದೇ ದೀಪ ಹಚ್ಚುತ್ತ ಬಂದ. ಕಿಟಕಿಯ ದೀಪಕ್ಕೆ ಬಂದಾಗ ಮತ್ತೆ ಕತ್ತಲು. ಟಾರ್ಚಿನ ಬೆಳಕು ಗೋಡೆ ಹತ್ತಿ ಬಾಗಿಲ ಮೇಲಿನ ಮಾವಿನ ತೋರಣದ ಹತ್ತಿರ ನಿಂತಿತು... ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

ಅವಳಿಗೆ ಅರ್ಥವಾಯಿತು. ಬೆಳಿಗ್ಗೆ ಆ ತೋರಣಕ್ಕೆ ಮೊಳೆ ಹೊಡೆದವಳು ಅವಳೇ. ಹಲಗೆಯ ಹಿಂದೆ ವೈರು ಇದೆ, ದಾರದಲ್ಲಿ ಕಟ್ಟಿ ಎಂದು ಅವನು ಹಿಂದಿನ ದಿನವೇ ಹೇಳಿದ್ದ. ಹಬ್ಬದ ಸಡಗರದಲ್ಲಿ ಅದನ್ನು ಮರೆತು ಆ ವೈರಿಗೇ ಮೊಳೆ ಚುಚ್ಚಿದ್ದಳು.

"ನನ್ನ ಕೈತಪ್ಪು ಸಾಬ್ರೆ," ಎಂದ ಆನಂದಪ್ಪ.

ಮಕ್ಕಳು ಮಲಗೋ ಗಾಡಿಗೆ ಬೆಂಕಿ ಬಿದ್ದಿದ್ದರೆ ಏನು ಗತಿ ಎಂದು ಸೇಟು ರೇಗಿ ಹೊರಟರು. ನಾಳೆ ಬಂದು ಸಾಮಾನು ತಗೊಂಡು ಹೋಗು, ಇನ್ನು ಕೆಲಸಕ್ಕೆ ಬರಬೇಡ ಎಂದರು ಸಾಬರು.

ನಾನು ಅಂತ ಹೇಳು, ಈಗಲೇ ಹೇಳು... ಮುನಿಕೃಷ್ಣಮ್ಮನ ಮನಸ್ಸಿನೊಳಗೆ ಯಾರೋ ಕೂಗುತ್ತಿದ್ದರು. ಆದರೆ ಈ ಹೊಲಿಗೆ ತಪ್ಪಿದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಪರದೆ ಬಟ್ಟೆ ಮಡಿಚಿಟ್ಟು ಮನೆಗೆ ನಡೆದಳು.

ಅಂದು ಅವ್ವ ಬಡಿಸಿದ ಒಬ್ಬಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಶೆಡ್ಡಿಗೆ ಹೋದಾಗ ಆನಂದಪ್ಪ ತನ್ನ ಪೆಟ್ಟಿಗೆ ಜೋಡಿಸುತ್ತಿದ್ದ. ಅವಳ ಕಡೆ ನೋಡಲೂ ಇಲ್ಲ. ನನ್ನನ್ನು ಕಂಡರೆ ಅಸಹ್ಯವಾಗಿರಬೇಕು, ಆಗಲಿ, ಎಂದುಕೊಂಡಳು. ಅವನ ಪೆಟ್ಟಿಗೆಯಿಂದಲೇ ಇಕ್ಕಳ ತೆಗೆದುಕೊಂಡು ಗಾಡಿ ಹತ್ತಿದಳು. ಬಾಡಿದ ತೋರಣ ಸರಿಸಿ ಮೊಳೆ ಕಿತ್ತು, ಸಾಬರ ಅಂಗೈಯಲ್ಲಿಟ್ಟಳು. ಅದರ ತುದಿ ಕರಕಲಾಗಿತ್ತು.

"ಇದು ನಾನು ಹೊಡೆದಿದ್ದು ಸಾಬ್ರೆ. ಅವರು ಬೇಡ ಅಂದಿದ್ರು. ನಿನ್ನೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಸಾಬರು ಆನಂದಪ್ಪನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತೇನಯ್ಯಾ?"

ಅವನು ತಲೆ ತಗ್ಗಿಸಿದ. "ನಕ್ಷೆ ಪ್ರಕಾರ ಅಲ್ಲಿ ವೈರೇ ಇರ್ಬಾರ್ದು ಸಾಬ್ರೆ. ಕಿಟಕಿ ಹತ್ರ ಇವರು ಮಬ್ಬಲ್ಲಿ ಕೂತು ಹೊಲೀತಿದ್ರು. ಒಂದು ದೀಪ ಇರ್ಲಿ ಅಂತ ನಾನೇ ಕದ್ದು ಎಳೆದೆ. ಆ ವೈರು ಇಲ್ದಿದ್ರೆ ಮೊಳೆಯಿಂದ ಏನೂ ಆಗ್ತಿರ್ಲಿಲ್ಲ. ಅವರ ಮುಖ ನೋಡೋಕೂ ನಾಚಿಕೆ ನಂಗೆ."

"ಸೇಟಿನ ಗಾಡೀಲಿ ಈಯಮ್ಮಂಗೆ ದೀಪ," ಸಾಬರು ಗೊಣಗಿದರು. ಮೊಳೆಯನ್ನು ಜೇಬಿಗೆ ಹಾಕಿಕೊಂಡರು. "ಸೇಟಿಗೆ ನಾನು ಹೇಳ್ಕೋತೀನಿ. ಇಬ್ರೂ ಸೇರಿ ಆ ವೈರು ಬದಲಾಯ್ಸಿ."

ಅವನು ಹೊಸ ವೈರು ಎಳೆದ, ಅವಳು ತುದಿ ಹಿಡಿದು ನಿಂತಳು. ಸಂಜೆಯಾಗುತ್ತಿತ್ತು.

"ನೀವೇ ಸ್ವಿಚ್ ಹಾಕಿ," ಎಂದ.

"ಮತ್ತೆ ಹೋದ್ರೆ?"

"ಇಬ್ರೂ ಹುಡುಕೋಣ."

ಒತ್ತಿದಳು. ಕಿಟಕಿಯ ದೀಪ ಹತ್ತಿತು, ಉಳಿದವೂ ಆರಲಿಲ್ಲ. ಅವನು ಇಕ್ಕಳ ಒರೆಸುತ್ತಲೇ ಕೇಳಿದ: "ನಿಮ್ಮವ್ವನ ಹತ್ರ ಮಾತಾಡೋಕೆ... ಮನೆಗೆ ಬರ್ಲಾ?"

ಅವಳ ಕಣ್ಣು ತುಂಬಿತು.

"ಬನ್ನಿ. ಬಾಗಿಲಿಗೆ ತೋರಣ ಕಟ್ಟಿರ್ತೀನಿ... ದಾರದಲ್ಲಿ."