ಎರಡನೇ ಸಲದ ಸಾಕ್ಷಿ

ಸಬೀಹಾ ಉನೈಸ್‌ನನ್ನು ಮೊದಲ ಸಲ ನೋಡಿದ್ದು ಮಂಗಳೂರಿನ ಕೋರ್ಟಿನಲ್ಲಿ. ನೋಡಿದ್ದೇ ಬೆರಳು ತೋರಿಸಿದಳು.

"ಇವರೇ. ನನ್ನ ಅಜ್ಜಿಯ ಸರ ಎಳೆದದ್ದು ಇವರೇ."

ಕಟಕಟೆಯಲ್ಲಿದ್ದವನು ಅವಳನ್ನೇ ನೋಡಿದ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬೆರಗು ಮಾತ್ರ ಇತ್ತು. ಹಿಂದಿನ ಬೆಂಚಿನಿಂದ ಅವನ ತಾಯಿ ರುಖಿಯಮ್ಮ, "ಅಲ್ಲ ಮಗಳೇ, ಅಲ್ಲ" ಎಂದು ಕೂಗಿದರು. ಪೊಲೀಸರು ಅವರನ್ನು ಹೊರಗೆ ಕಳಿಸಿದರು.

ಬಂಟ್ವಾಳದ ರಸ್ತೆ ಬದಿಯಲ್ಲಿ ಸ್ಕೂಟರಿನವನೊಬ್ಬ ಅಜ್ಜಿ ಖತೀಜಮ್ಮನ ಸರ ಕಿತ್ತುಕೊಂಡು ಹೋಗಿದ್ದ. ಬಿದ್ದ ಅಜ್ಜಿ ನಾಲ್ಕನೇ ದಿನ ತೀರಿಹೋದರು. ಪಕ್ಕದಲ್ಲೇ ಇದ್ದ ಸಬೀಹಾ ಅವನ ಮುಖ ನೋಡಿದ್ದು ಒಂದು ಕ್ಷಣ. ಸ್ಟೇಷನ್ನಿನಲ್ಲಿ ಪೊಲೀಸರು ತೋರಿಸಿದ್ದು ಒಂದೇ ಒಂದು ಫೋಟೋ, ಉನೈಸ್‌ನದು. "ಇವನೇ ಅಲ್ವಾ?" ಎಂದರು. ಅಳುತ್ತಲೇ ತಲೆಯಾಡಿಸಿದಳು. ಆಮೇಲೆ ಕಣ್ಣು ಮುಚ್ಚಿದಾಗೆಲ್ಲ ಆ ಫೋಟೋದ ಮುಖವೇ ಬರುತ್ತಿತ್ತು. ಪುಂಜಾಲಕಟ್ಟೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ, ಅದೇ ಬಣ್ಣದ ಸ್ಕೂಟರಿದ್ದ ಉನೈಸ್‌ಗೆ ಹತ್ತು ವರ್ಷ ಶಿಕ್ಷೆಯಾಯಿತು.

ಎರಡು ವರ್ಷದ ನಂತರ, ಮೂಡುಬಿದಿರೆಯ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ಪೇಪರ್ ತೆರೆದ ಸಬೀಹಾ ಒಂದು ಪುಟವನ್ನು ಕಣ್ಣಿನ ಹತ್ತಿರ ಹಿಡಿದಳು. ಬೆಳ್ತಂಗಡಿಯಲ್ಲಿ ಸಿಕ್ಕಿಬಿದ್ದ ಸರಗಳ್ಳನ ಚಿತ್ರ. ಸೀಳಿದ ಎಡಹುಬ್ಬು. ಈ ಹುಬ್ಬನ್ನು ಅವಳು ನೋಡಿದ್ದಳು. ಅಜ್ಜಿ ಬೀಳುವಾಗ.

ಮಧ್ಯಾಹ್ನದ ಬಸ್ಸಿಗೇ ಬಂಟ್ವಾಳಕ್ಕೆ ಹೋಗಿ ಉನೈಸ್‌ನ ವಕೀಲೆ ಹರ್ಷಿತಾರ ಮುಂದೆ ಕೂತಳು.

"ಹೈಕೋರ್ಟಿನಲ್ಲಿ ಅಪೀಲು ಬಾಕಿ ಉಂಟು. ನಿಮ್ಮ ಸಾಕ್ಷಿ ಪುನಃ ತಗೊಳ್ಳಲಿಕ್ಕೆ ಅರ್ಜಿ ಹಾಕ್ಬಹುದು. ಆದ್ರೆ ಸುಳ್ಳು ಸಾಕ್ಷಿ ಅಂತ ನಿಮ್ಮ ಮೇಲೆಯೇ ಕೇಸಾದೀತು."

"ಆಗಲಿ."

ಖತೀಜಮ್ಮನ ಮಗ, ಸಬೀಹಾಳ ತಂದೆ ಅಬ್ದುಲ್ ಶುಕೂರರು ಕೇಳಿದ್ದು ಒಂದೇ ಮಾತು. "ನನ್ನ ಉಮ್ಮನನ್ನು ಕೊಂದವನನ್ನು ನೀನು ಬಿಡಿಸ್ತೀಯಾ? ಹಾಗಾದ್ರೆ ಈ ಮನೆಗೆ ಬರ್ಬೇಡ."

ಅವಳು ಮೂಡುಬಿದಿರೆಯಲ್ಲೇ ಪಿಜಿಯೊಂದರಲ್ಲಿ ಕೋಣೆ ಹಿಡಿದಳು.

ಜೈಲಿಗೆ ಹೋದರೆ ಉನೈಸ್ ಮೂರು ಬುಧವಾರ ಭೇಟಿಗೆ ಒಪ್ಪಲಿಲ್ಲ. ನಾಲ್ಕನೆಯದಕ್ಕೆ ಬಂದು ಜಾಲರಿಯಾಚೆ ಕೂತ.

"ನೋಡಿ," ಎಂದ. "ಈ ಸಲ ಸರಿಯಾಗಿ ನೋಡಿಕೊಳ್ಳಿ."

ಅವಳು ತಲೆ ತಗ್ಗಿಸಿದಳು.

"ಅಲ್ಲ ಮಾರಾಯ್ತಿ, ತಮಾಷೆ ಅಲ್ಲ. ಮುಖ ಎತ್ತಿ."

ಎತ್ತಿದಳು. ಹೀಗೆ ವಾರದಿಂದ ವಾರಕ್ಕೆ ಅವನನ್ನು ಕಲಿತಳು. ಬಲಗೆನ್ನೆಯ ಮಚ್ಚೆ. ನಗು ಬರುವ ಮೊದಲು ಒಂದು ಪಕ್ಕಕ್ಕೆ ಓರೆಯಾಗುವ ತುಟಿ. ಅವಳ ಶಾಲು ಜಾರಿದಾಗ ಬೇಕೆಂದೇ ಗೋಡೆಯ ಕಡೆ ತಿರುಗುವ ಕಣ್ಣು.

"ಹಸಿರು ಬೇಡ, ಕಳೆದ ವಾರದ ನೀಲಿಯೇ ಚಂದ," ಎಂದ ಒಂದು ದಿನ.

"ನಿಮಗೆ ಬಣ್ಣವೆಲ್ಲ ನೆನಪಿರ್ತದಾ?"

"ಇಲ್ಲಿ ಬೇರೇನುಂಟು ನೆನಪಿಟ್ಟುಕೊಳ್ಳಲಿಕ್ಕೆ?"

ಬಸ್ಸಿನ ದಾರಿಯಿಡೀ ಅವಳ ಕಿವಿಯಲ್ಲಿ ಅದೇ ಮಾತು. ಮುಂದಿನ ವಾರ ನೀಲಿ ಶಾಲನ್ನೇ ಹೊದ್ದಳು.

ಆ ಬುಧವಾರ ಅವನು ಭೇಟಿಗೆ ಇರಲಿಲ್ಲ. ರುಖಿಯಮ್ಮ ಸೋಮವಾರ ತೀರಿಕೊಂಡಿದ್ದರು. ಪರೋಲಿನ ಕಾಗದ ಬಂದದ್ದು ದಫನ ಆದ ಮರುದಿನ. ಮಗನಿಗೆ ನೋಡಲು ಸಿಕ್ಕಿದ್ದು ಹಸಿ ಮಣ್ಣು.

ಆರು ತಿಂಗಳ ಮೇಲೆ ಅವಳ ಸಾಕ್ಷಿ ಮತ್ತೆ ನಡೆಯಿತು.

"ಅವತ್ತು ಸುಳ್ಳು ಹೇಳಿದಿರೋ, ಇವತ್ತೋ?" ಸರಕಾರಿ ವಕೀಲರು ಕೇಳಿದರು.

"ಅವತ್ತು ಸುಳ್ಳು ಹೇಳಲಿಲ್ಲ. ತಪ್ಪು ಹೇಳಿದೆ."

ಬೆಳ್ತಂಗಡಿಯ ಕಳ್ಳನಿಂದ ವಶಪಡಿಸಿಕೊಂಡ ಚಿನ್ನದಲ್ಲಿ ಅಜ್ಜಿಯ ಸರವೂ ಇದ್ದದ್ದನ್ನು ಹರ್ಷಿತಾ ಹುಡುಕಿ ತಂದರು. ಉನೈಸ್ ಖುಲಾಸೆಯಾದ. ಒಳಗೆ ಕಳೆದದ್ದು ನಾಲ್ಕು ವರ್ಷ.

ಬಿಡುಗಡೆಯಾಗಿ ಹತ್ತನೇ ದಿನ ಫೋನ್ ಮಾಡಿದ. "ಪುಂಜಾಲಕಟ್ಟೆಗೆ ಬರ್ತೀರಾ?"

ಜಾಲರಿಯಿಲ್ಲದ ಅವನ ಮುಖ ಅವಳು ನೆನೆಸಿದ್ದಕ್ಕಿಂತ ಹತ್ತಿರವಿತ್ತು. ಅವನ ಪಂಕ್ಚರ್ ಅಂಗಡಿಗೆ ಈಗ ಬೇರೆ ಯಾರದೋ ಬೋರ್ಡು. ಇಬ್ಬರೂ ಬಸ್ ತಂಗುದಾಣದಲ್ಲಿ ನಿಂತರು.

"ನನಗೆ ನಿಮ್ಮ ಜೊತೆ ಬದುಕಬೇಕು," ಅವಳೇ ಹೇಳಿಬಿಟ್ಟಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಉಳಿದದ್ದು ಅದೊಂದೇ.

ಅವನು ಅಂಗಡಿಯ ಬೋರ್ಡಿನ ಕಡೆ ನೋಡಿದ.

"ಜೈಲಿನಲ್ಲಿ ನಿಮಗಾಗಿ ವಾರಪೂರ್ತಿ ಕಾಯ್ತಿದ್ದೆ. ಈಗ ಬೆಳಿಗ್ಗೆ ಏಳುವಾಗ ಉಮ್ಮನ ಮಂಚ ಖಾಲಿ ಕಾಣ್ತದೆ. ಆಗ ನಿಮ್ಮ ಮೇಲೆ ಎಷ್ಟು ಸಿಟ್ಟು ಬರ್ತದೆ ಅಂದ್ರೆ, ನನಗೇ ಹೆದರಿಕೆ. ಮಧ್ಯಾಹ್ನದ ಹೊತ್ತಿಗೆ ನಿಮ್ಮನ್ನು ನೋಡ್ಬೇಕು ಅಂತ ಜೀವ ಹೋಗ್ತದೆ."

"ಬೆಳಗಿನ ಸಿಟ್ಟನ್ನು ನಾನು ತಡ್ಕೊಳ್ತೇನೆ."

"ನೀವು ತಡ್ಕೊಳ್ತೀರಿ. ದಿನಾ ತಡ್ಕೊಳ್ತೀರಿ, ಒಂದು ಮಾತು ತಿರುಗಿ ಹೇಳುವುದಿಲ್ಲ. ಅದನ್ನು ನೋಡ್ತಾ ನೋಡ್ತಾ ನಾನು ಕೆಟ್ಟವ ಆಗ್ತೇನೆ, ಸಬೀಹಾ." ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. "ಪ್ರೀತಿ ಇಲ್ಲ ಅಂತ ಮಾತ್ರ ತಿಳ್ಕೊಳ್ಬೇಡಿ. ಇದ್ದದ್ದಕ್ಕೇ ಹೇಳ್ತಿದ್ದೇನೆ."

"ಸಿಟ್ಟು ಹೋದ ಮೇಲೆ?"

"ಹೋಗ್ತದೆ ಅಂತ ಹೇಳಿ ನಿಮ್ಮನ್ನು ಕಾಯಿಸಲಾರೆ. ಕಾಯುವುದು ಏನು ಅಂತ ನನಗೆ ಗೊತ್ತುಂಟು."

ಮೂಡುಬಿದಿರೆ ಬಸ್ ಬಂತು. ಅವನೇ ಕೈ ಅಡ್ಡ ಹಿಡಿದು ನಿಲ್ಲಿಸಿದ. ಅವಳು ಹತ್ತಿ ಕಿಟಕಿಯ ಬಳಿ ಕೂತು ಸರಳು ಹಿಡಿದಳು. ಅವನು ಹೊರಗಿನಿಂದ ಆ ಬೆರಳುಗಳ ಮೇಲೆ ತನ್ನ ಕೈಯಿಟ್ಟ. ಅವಳನ್ನು ಅವನು ಮುಟ್ಟಿದ್ದು ಅದೊಂದೇ ಸಲ. ಕಂಡಕ್ಟರ್ "ರೈಟ್" ಎಂದ. ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದ. ಐದನೆಯದಕ್ಕೆ ಕೈ ಬಿಟ್ಟ.