ನಾನೂರ ಹನ್ನೆರಡು ಹೆಸರು

“ನನ್ನ ಗೇಮ್ ಏನ್ ಮಾಡೀರಿ?”

ಭೂಮಿಕಾ ಲ್ಯಾಪ್‌ಟಾಪ್ ಇಟ್ಟ ರಭಸಕ್ಕೆ ಓಬಳೇಶ್‌ನ ಚಹಾ ತುಳುಕಿತು. ಕೊಟ್ಟೂರಿನ ಅವನ ರಿಪೇರಿ ಅಂಗಡಿಗೆ ಅವಳು ಬಂದದ್ದು ಇದು ಆರನೇ ಸಲ. ನಿನ್ನೆಯಷ್ಟೇ ಕೆಲಸ ಮುಗಿಯಿತೆಂದು ಕೊಟ್ಟಿದ್ದ. ಮನೆಗೊಯ್ದು ನೋಡಿದರೆ ಪರದೆ ಬರೀ ಕಪ್ಪು.

ಅವಳು ಕೇಳಿದ್ದು ಸಣ್ಣ ಕೆಲಸ. ಕುರಿ ಕಾಯುವ ಒಂದು ಗೇಮ್. ಅದರ ಶಬ್ದಗಳೆಲ್ಲ ಒಂದೇ ದೊಡ್ಡ ಫೈಲಿನಲ್ಲಿ ಗಂಟು ಕಟ್ಟಿದ್ದವು. ಆ ಗಂಟು ಬಿಚ್ಚಿಕೊಟ್ಟರೆ, ಅದರಲ್ಲಿ ಕುರಿ ಕರೆಯುವ ಪರದೇಶದ ಸಿಳ್ಳೆ ತೆಗೆದು ಫೋನಿನಲ್ಲಿ ಹಿಡಿದಿಟ್ಟಿದ್ದ ತನ್ನ ಅಪ್ಪ ಕರಿಸಿದ್ದಪ್ಪನ ಕೂಗು ಹಾಕುವ ಆಸೆ ಅವಳಿಗೆ.

“ಅಪ್ಪ ಇವತ್ತ ಮೂರಕ್ಕ ಕುರಿ ಹೊಡ್ಕೊಂಡು ಹೊಳಲು ಕಡೆ ಹೊಂಟಾನ. ತಿರುಗಿ ಬರಾದು ನಾಕು ತಿಂಗಳಿಗೆ. ಅಷ್ಟರಾಗ ಕೇಳಿಸ್ಬೇಕಿತ್ತು. ಎಂಟು ದಿನ ಇಟ್ಕೊಂಡು ಏನ್ ಮಾಡಿದ್ರಿ?”

ಓಬಳೇಶ್ ಫೋಲ್ಡರ್ ತೆರೆದ.

‘ಮರಿ ಹಸಿದು ಒದರೋದು’, ‘ನಾಯಿ ಸುಮ್ಮನ ಬೊಗಳೋದು’, ‘ಮಳಿ ಬರೋ ಹಂಗ ಗಾಳಿ’...

“ಬರೇ ನಂಬರ್ ಇದ್ವು. ನಿಮಗ ತಿಳೀಲಿ ಅಂತ ಎಲ್ಲಾಕ್ಕೂ ಕನ್ನಡದಾಗ ಹೆಸರಿಟ್ಟು, ಮತ್ತ ಗಂಟು ಕಟ್ಟಿಟ್ಟೀನ್ರಿ.”

“ಗೇಮು ಹಳೇ ನಂಬರ್ ಹುಡುಕತೈತಿ. ಸಿಗದಿದ್ರ ಹಿಂಗ ಕರ್ರಗ ಕುಂದರತೈತಿ. ಅಷ್ಟೂ ತಿಳಿವಲ್ದಾ?”

ಅವಳ ಕಣ್ಣು ಉರಿದವು. ಕುರಿಗಾರನ ಮಗಳು, ಇವಳಿಗೇನು ತಿಳಿದೀತು ಅಂದುಕೊಂಡನೇ...?

“ಮೊದಲಿನ ಫೈಲಾರ ಐತೋ, ಅದನ್ನೂ ಕೆಡಿಸೀರೋ?”

“ಪೆನ್‌ಡ್ರೈವ್‌ನಾಗ ಐತ್ರಿ.”

ಮತ್ತೆ ಬಿಚ್ಚಿದರು. ಪರದೆಯ ತುಂಬ ನಾನೂರ ಹನ್ನೆರಡು ನಂಬರುಗಳು. ಗಂಟೆ ಎರಡಾಗಿತ್ತು. ಹೆಸರಿಟ್ಟ ಫೋಲ್ಡರಿನಲ್ಲಿ ಹಳೇ ನಂಬರಿನ ಗುರುತೇ ಇಲ್ಲ; ಇದರಲ್ಲಿ ಸಿಳ್ಳೆ ಯಾವುದು? ಒಂದೊಂದೇ ಕೇಳುತ್ತ ಹೋದರೆ ಸಂಜೆಯಾದೀತು. ಭೂಮಿಕಾ ತಲೆ ಹಿಡಿದು ಕೂತಳು.

“ಇನ್ನೂರ ಹದಿನೇಳು,” ಅಂದ ಓಬಳೇಶ್.

“ನಿಮಗೆಂಗ ಗೊತ್ತು?”

“ಕೇಳದ ಹೆಸರು ಹೆಂಗಿಡ್ಲಿ?”

“ನಾನೂರ ಹನ್ನೆರಡೂ ಕೇಳೀರಾ?”

“ಕೆಲವು ಎರಡೆರಡು ಸಲ. ಕೆಲಸ ಎರಡೇ ತಾಸಿಂದ್ರಿ. ಲಗೂನ ಮುಗಿಸಿಕೊಟ್ರ... ನೀವು ಮತ್ತ ಬರ್ತಿದ್ದಿಲ್ಲ.”

ಅವಳ ಸಿಟ್ಟು ಅಲ್ಲೇ ಕಾಲು ಮಡಚಿ ಕೂತಿತು. ಆದರೂ ಬಿಡಲಿಲ್ಲ.

“ಅದನ್ನ ಬಾಯಿ ಬಿಟ್ಟು ಹೇಳಾಕ ಆಗ್ತಿದ್ದಿಲ್ಲೇನು? ಮನುಷ್ಯಾರು ಹಿಂಗೂ ಇರ್ತಾರಾ?”

“ನೀವು ಬಂದಾಗೆಲ್ಲ ಬೈತಿದ್ರಿ. ಸಂದಿ ಸಿಗಲಿಲ್ಲ.”

ಇನ್ನೂರ ಹದಿನೇಳರ ಜಾಗಕ್ಕೆ ಅಪ್ಪನ ಕೂಗು ಹಾಕಿ, ಹಳೇ ನಂಬರುಗಳಲ್ಲೇ ಮತ್ತೆ ಗಂಟು ಕಟ್ಟಿದರು. ಮೂರಕ್ಕೆ ಹತ್ತು ನಿಮಿಷವಿದ್ದಾಗ, ಮಗಳು ಫೋನ್ ಮಾಡಿ ಕರೆದದ್ದಕ್ಕೆ, ಕರಿಸಿದ್ದಪ್ಪ ಕಂಬಳಿ ಹೊದ್ದು ಅಂಗಡಿ ಬಾಗಿಲಿಗೆ ಬಂದ. ಮಗಳು ಅವನ ಬೆರಳು ಹಿಡಿದು ಒಂದು ಗುಂಡಿ ಒತ್ತಿಸಿದಳು. ಲ್ಯಾಪ್‌ಟಾಪಿನಿಂದ ಅವನದೇ ಕೂಗು ಬಂತು. ಪರದೆಯಲ್ಲಿ ಚದುರಿದ್ದ ಬಿಳಿ ಕುರಿಗಳು ತಲೆಯೆತ್ತಿ, ಓಡೋಡಿ ಬಂದು ಗುಂಪುಗೂಡಿದವು.

ಮುದುಕ ಬಗ್ಗಿ ಪರದೆಯ ಮೇಲಿನ ಒಂದು ಕುರಿಯನ್ನು ಬೆರಳಿಂದ ಮುಟ್ಟಿ ನೋಡಿದ.

“ಪರದೇಶದ ಕುರಿ... ನನ್ನ ಮಾತು ಕೇಳ್ತಾವಲ್ಲವ್ವ,” ಎಂದು ಕಣ್ಣೊರೆಸಿಕೊಂಡ. “ಈ ಹುಡುಗ ಯಾರು?”

“ನನ್ನ ಕೆಲಸ ಕೆಡಿಸಿದವ್ರು. ನೀ ತಿರುಗಿ ಬಂದ ಮ್ಯಾಲ ಮನಿಗೆ ಬರ್ತಾರಂತ, ನಿನ್ನ ಕೂಡ ಮಾತಾಡಾಕ.”

ಓಬಳೇಶ್ ತಡವರಿಸಿದ. “ನಾಕು ತಿಂಗಳು ಕಾಯ್ಬೇಕೇನ್ರಿ?”

“ನನ್ನ ಎಂಟು ದಿನ ಕಾಯಿಸಿಲ್ಲೇನು? ಕಾಯ್ರಿ,” ಅಂದಳು ಭೂಮಿಕಾ. ಆಮೇಲೆ ದನಿ ತಗ್ಗಿಸಿ, “ನಾನೂ ಕಾಯ್ತೀನಿ,” ಅಂದಳು.